ಒಂದೇ ನಂಬರಿನ ಇಬ್ಬರು

ನಾನು ಕೋಡ್ ಬರೆಯಲು ಕಲಿತದ್ದು ಭಾಗ್ಯನಗರದಲ್ಲಿ, ಕೂದಲು ವಿಂಗಡಿಸುವ ಒಂದು ಸಣ್ಣ ಕಾರ್ಖಾನೆಯ ಮೇಲಿನ ಕೋಣೆಯಲ್ಲಿ. ಕೆಳಗೆ ಹೆಂಗಸರು ಸಾಲಾಗಿ ಕೂತು ಉದ್ದ ಕೂದಲನ್ನು ಒಂದು ಕಡೆ, ಗಿಡ್ಡ ಕೂದಲನ್ನು ಇನ್ನೊಂದು ಕಡೆ ಹಾಕುತ್ತಿದ್ದರು. ಮೇಲೆ ನಾವು ಕೆಲವರು ಹಳೆಯ ಕಂಪ್ಯೂಟರುಗಳ ಮುಂದೆ ಕೂತು ಹೆಚ್ಚುಕಡಿಮೆ ಅದೇ ಕೆಲಸವನ್ನು ಕೀಲಿಮಣೆಯಲ್ಲಿ ಮಾಡಲು ಒದ್ದಾಡುತ್ತಿದ್ದೆವು. ಕಿಟಕಿ ತೆಗೆದರೆ ಕೆಳಗಿನಿಂದ ಒಂದೊಂದು ಎಳೆ ಹಾರಿ ಬಂದು ಪರದೆಗೆ ಅಂಟಿಕೊಳ್ಳುತ್ತಿತ್ತು. ಅದು ಯಾವುದೋ ಚಿಹ್ನೆಯೆಂದು ತಿಳಿದು ಅಳಿಸಲು ಹೋಗಿ ನಗೆಪಾಟಲಾದದ್ದೂ ಉಂಟು.

ಕಲಿಸುತ್ತಿದ್ದವಳು ನನಗಿಂತ ಎಷ್ಟೋ ಚಿಕ್ಕವಳು. ಕೊಪ್ಪಳ ಪೇಟೆಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ ಒಬ್ಬ ಸಾಹೇಬರ ಮಗಳು. ಮನೆಯಲ್ಲಿ ದಖನಿ ಉರ್ದು, ನಮ್ಮೆದುರು ನಮ್ಮಂಥದೇ ಕನ್ನಡ. ನಾವೆಲ್ಲ ಆಕೆಯನ್ನು ಮೇಡಂ ಎನ್ನುತ್ತಿದ್ದೆವು. ಆಕೆಗೆ ಸಿಟ್ಟು ಬಂದರೆ ದನಿ ಏರುತ್ತಿರಲಿಲ್ಲ. ಕುರ್ಚಿ ಎಳೆದುಕೊಂಡು ಪಕ್ಕಕ್ಕೆ ಬಂದು ಕೂತು, ಏನೂ ಮಾತಾಡದೆ ನಮ್ಮ ಪರದೆಯನ್ನೇ ನೋಡುತ್ತಿದ್ದಳು. ಹೈಸ್ಕೂಲಿನ ಮಕ್ಕಳಿಗೆ ಗಣಿತದ ಟ್ಯೂಷನ್ ಹೇಳಿಕೊಂಡು ಬಂದ ನಾನು ಮಕ್ಕಳ ಪಕ್ಕದಲ್ಲಿ ಹಾಗೆಯೇ ಕೂತವಳು. ಮಕ್ಕಳೆಲ್ಲ ಫೋನಿನಲ್ಲಿ ಪಾಠ ಕೇಳಲು ಶುರುಮಾಡಿ ನನ್ನ ಪಡಸಾಲೆ ಖಾಲಿಯಾದಾಗ, ನಲವತ್ತರ ಹೊಸ್ತಿಲಲ್ಲಿ ಈ ಕೋಣೆಯ ಮೆಟ್ಟಿಲು ಹತ್ತಿದ್ದೆ. ಈಗ ಕುರ್ಚಿಯ ಈ ಬದಿ ನನ್ನದಾಗಿತ್ತು.

ಮೊದಲ ತಿಂಗಳುಗಳು ಕಳೆದ ಮೇಲೆ ಮೇಡಂ ನಮಗೊಂದು ಅಭ್ಯಾಸ ಕೊಟ್ಟಳು. ಅರೇ ಮತ್ತು ಆಬ್ಜೆಕ್ಟುಗಳ ಮೇಲೆ ಕೆಲಸ ಮಾಡುವ ಸಣ್ಣ ಸಣ್ಣ ಫಂಕ್ಷನ್ನುಗಳ ಒಂದು ಲೈಬ್ರರಿಯನ್ನು ಪ್ರತಿಯೊಬ್ಬರೂ ಸ್ವಂತ ಬರೆಯಬೇಕು. ಫಂಕ್ಷನ್ ಎಂದರೆ ಹೇಳಿದ ಒಂದು ಕೆಲಸವನ್ನಷ್ಟೇ ಮಾಡುವ ಕೋಡಿನ ತುಣುಕು, ಲೈಬ್ರರಿ ಎಂದರೆ ಅಂಥ ತುಣುಕುಗಳ ಕಟ್ಟು. ಅರೇ ಎಂದರೆ ಒಂದರ ಹಿಂದೊಂದು ಸಾಲಾಗಿ ನಿಲ್ಲಿಸಿದ ವಿವರಗಳು. ಆಬ್ಜೆಕ್ಟ್ ಎಂದರೆ ಹೆಸರು, ಊರು, ಫೋನು ಹೀಗೆ ಚೀಟಿ ಅಂಟಿಸಿದ ಡಬ್ಬಿಗಳನ್ನು ಒಟ್ಟಿಗೆ ಇಟ್ಟ ಗೂಡು. ಈ ಸಾಲುಗಳನ್ನು ತುಂಡರಿಸುವುದು, ಗುಂಪು ಮಾಡುವುದು, ಒಂದೇ ಥರದವು ಎರಡೆರಡು ಬಂದಿದ್ದರೆ ಒಂದನ್ನುಳಿಸಿ ಉಳಿದವನ್ನು ತೆಗೆಯುವುದು, ಇಂಥ ಕೆಲಸಗಳು.

"ಎಲ್ಲಾ ರೆಡಿಮೇಡ್ ಸಿಗ್ತಾವ ಅಂತ ನನಗೂ ಗೊತ್ತೈತ್ರಿ," ಎಂದಳು ಮೇಡಂ. "ಆದ್ರೂ ಒಂದ್ಸಲ ಕೈಯಾರೆ ಬರೀರಿ. ಇಲ್ಲಾಂದ್ರ ಒಳಗ ಏನ್ ನಡಿತೈತಿ ಅಂತ ಎಂದೂ ತಿಳಿಯಂಗಿಲ್ಲ."

ನಾನು ನನ್ನ ಫಂಕ್ಷನ್ನುಗಳಿಗೆ ಕನ್ನಡದ ಹೆಸರು ಇಟ್ಟೆ. ತುಂಡುಮಾಡು, ಗುಂಪುಮಾಡು, ಚಪ್ಪಟೆಮಾಡು. ಎರಡೆರಡು ಬಂದವನ್ನು ತೆಗೆಯುವುದಕ್ಕೆ ಒಮ್ಮೆಮಾತ್ರ. ಈ ಒಮ್ಮೆಮಾತ್ರಕ್ಕೆ ಒಂದು ಸಾಲನ್ನೂ ಒಂದು ಗುರುತನ್ನೂ ಕೊಡಬೇಕು. ಫೋನ್ ನಂಬರನ್ನು ಗುರುತಾಗಿ ಕೊಟ್ಟರೆ, ಒಂದೇ ನಂಬರಿನವರು ಎಷ್ಟು ಮಂದಿ ಇದ್ದರೂ ಮೊದಲು ಸಿಕ್ಕವರನ್ನು ಇಟ್ಟುಕೊಂಡು ಉಳಿದವರನ್ನು ಬಿಡುತ್ತದೆ. ಅದು ಸರಿಯಾಗಿ ನಡೆದ ದಿನ ನನಗೆ ಹಿಡಿಸಲಾರದ ಹಿಗ್ಗು. ಮೇಡಂ ಬಂದು ಪಕ್ಕದಲ್ಲಿ ಕೂತಳು. ಬಹಳ ಹೊತ್ತು ನೋಡಿದಳು.

"ಅಕ್ಕಾರ, ಕೇಳಿದ್ದು ಕೊಡ್ತೈತಿ, ಖರೆ. ಆದ್ರ ನನ್ನ ಮಾಲು ಎಲ್ಲಿ ಹೋತು?"

"ಯಾವ ಮಾಲು ರೀ?"

"ನಾ ನಿಮಗ ಕೊಟ್ಟ ಅರೇ. ಕೊಡುವಾಗ ತುಂಬಿತ್ತು. ಈಗ ನೋಡಿದ್ರ ಅದ್ರಾಗಿನವೂ ಹೋಗ್ಯಾವ. ಕೊಟ್ಟವರ ಸಾಮಾನಿಗೆ ಕೈ ಹಚ್ಚಬ್ಯಾಡ್ರಿ. ಅದನ್ನ ಹಂಗ ಬಿಟ್ಟು ಹೊಸಾದೊಂದು ಮಾಡಿ ಕೊಡ್ರಿ."

ನಾನು ಬರೆದದ್ದು ಮೂಲ ಸಾಲಿನಿಂದಲೇ ಹೆಸರುಗಳನ್ನು ಕಿತ್ತು ಹಾಕುತ್ತಿತ್ತು. ಅಳಿಸಿ ಮತ್ತೆ ಬರೆದೆ. ಆ ವಾರ ಒಂದೊಂದು ಫಂಕ್ಷನ್ನನ್ನೂ ಮತ್ತೆ ಬರೆಯುವುದೇ ಆಯಿತು. ಕೊನೆಗೆ ಎಲ್ಲವನ್ನೂ ಒಟ್ಟು ಮಾಡಿ, ಯಾರು ಬೇಕಾದರೂ ನೋಡುವಂತೆ ಅಂತರಜಾಲದಲ್ಲಿ ಹಾಕಿದೆ. ಮೇಲೆ ಒಂದು ಸಾಲು ಬರೆದಿದ್ದೆ: ಇದು ಕಲಿಯುವವಳ ಅಭ್ಯಾಸ, ಯಾರೂ ನಿಜವಾದ ಕೆಲಸಕ್ಕೆ ಬಳಸಬೇಡಿ.

ಬಳಸಿದವನು ನನ್ನ ತಮ್ಮ.

ನಾವಿಬ್ಬರೂ ಬೆಳೆದದ್ದು ಮುನಿರಾಬಾದಿನ ಡ್ಯಾಮಿನ ಕಾಲೊನಿಯಲ್ಲಿ. ಗೇಟು ತೆಗೆದಾಗ ನೀರಿನ ಸದ್ದು ನಮ್ಮ ಹಾಸಿಗೆಯವರೆಗೆ ಬರುತ್ತಿತ್ತು. ತಮ್ಮ ಈಗ ಶ್ರೀರಾಮನಗರದಲ್ಲಿ ಪಂಪುಸೆಟ್ಟಿನ ಬಿಡಿಭಾಗಗಳ ಅಂಗಡಿ ಇಟ್ಟುಕೊಂಡಿದ್ದಾನೆ. ಮಳೆಗಾಲದಲ್ಲಿ ಅವನೂ ಅವನ ಗೆಳೆಯರೂ ಹೊಳೆದಂಡೆಯ ಊರುಗಳಿಗೆ ಹೋಗಿ ನೀರು ಏರುವ ಸುದ್ದಿ ಮುಟ್ಟಿಸುತ್ತಾರೆ. ಅವರಿಗೆ ದೊಡ್ಡ ಚಿಂತೆ ಕುರಿಗಾರರದು. ಗಂಗಾವತಿಯ ಸುತ್ತ ಕಾಲುವೆಗೆ ನೀರು ಬಿಟ್ಟು ನಾಟಿ ಮುಗಿದ ಮೇಲೆ ಕುರಿ ಮೇಯಿಸಲು ನೆಲ ಉಳಿಯುವುದಿಲ್ಲ. ಕುಷ್ಟಗಿ, ಯಲಬುರ್ಗಾ ಕಡೆಯಿಂದ ಬಂದವರು ಹೊಳೆ ಇಳಿದಿದ್ದಾಗ ದಾಟಿ ನಡುಗಡ್ಡೆಗಳಿಗೆ ಹೋಗಿ ಬಿಡಾರ ಹಾಕುತ್ತಾರೆ. ಅಲ್ಲಿ ಹುಲ್ಲು ಹುಲುಸಾಗಿರುತ್ತದೆ. ಡ್ಯಾಮು ತುಂಬಿ ಗೇಟು ತೆಗೆದರೆ ಹಿಂದಕ್ಕೆ ದಾರಿ ಇರುವುದಿಲ್ಲ.

ತಮ್ಮನಿಗೆ ಕಂಪ್ಯೂಟರು ಅಲ್ಪಸ್ವಲ್ಪ ಗೊತ್ತು. ಅವನು ಫೋನಿನಲ್ಲಿ ತೆರೆಯುವಂಥ ಒಂದು ಪುಟ ಮಾಡಿದ. ನಡುಗಡ್ಡೆಗಳಲ್ಲಿದ್ದ ಕುರಿಗಾರರ ಹೆಸರು, ಊರು, ಫೋನ್ ನಂಬರು ಅದರಲ್ಲಿರುತ್ತಿತ್ತು. ನೀರು ಬಿಡುವ ಸುದ್ದಿ ಬಂದ ಕೂಡಲೇ ಗೆಳೆಯರು ಹಂಚಿಕೊಂಡು ಎಲ್ಲರಿಗೂ ಫೋನ್ ಮಾಡುವುದು, ಹೊರಗೆ ಬಂದೆವು ಎಂದವರ ಹೆಸರಿನ ಮೇಲೆ ಒತ್ತಿ ಹಸಿರು ಮಾಡುವುದು. ಎಲ್ಲ ಹಸಿರಾದರೆ ಪುಟದ ಮೇಲ್ಗಡೆ 'ಯಾರೂ ಉಳಿದಿಲ್ಲ' ಎಂದು ಬರುತ್ತಿತ್ತು.

"ಅಕ್ಕಾ, ನೀ ಬರದದ್ರಾಗ ಒಂದೆರಡು ತಗೊಂಡೀನಿ ನೋಡು," ಎಂದು ಒಮ್ಮೆ ಫೋನಿನಲ್ಲಿ ಹೇಳಿದ್ದ. ನಾನು ನಕ್ಕು, ಸಂತೋಷಪಟ್ಟು, ಯಾವುದು ಎಂದೂ ಕೇಳಲಿಲ್ಲ. ಅಕ್ಕನ ಕೆಲಸ ತಮ್ಮನಿಗೆ ಬಳಕೆಯಾಯಿತು ಎನ್ನುವುದೇ ನನಗೆ ಸಾಕಾಗಿತ್ತು.

ಆ ದಿನ ಮಧ್ಯಾಹ್ನ ಭಾಗ್ಯನಗರದಲ್ಲಿ ಒಂದು ಹನಿ ಮಳೆ ಇರಲಿಲ್ಲ. ಮಳೆಯೆಲ್ಲ ಮೇಲೆ, ಘಟ್ಟದ ಕಡೆಗೆ. ಡ್ಯಾಮಿನಿಂದ ಬಿಡುವ ನೀರನ್ನು ಹೆಚ್ಚಿಸುತ್ತಾರೆಂದು ಬೆಳಗಿನಿಂದ ಸುದ್ದಿ ಬರುತ್ತಿತ್ತು. ತಮ್ಮ ದಂಡೆಯ ಮೇಲಿದ್ದಾನೆಂದು ಗೊತ್ತಿತ್ತು. ನಾನು ತರಗತಿಯಲ್ಲಿ ಕೂತು ನನ್ನ ಲೈಬ್ರರಿಗೆ ಪರೀಕ್ಷೆಗಳನ್ನು ಬರೆಯುತ್ತಿದ್ದೆ. ಮೇಡಂ ಪಕ್ಕಕ್ಕೆ ಬಂದಳು.

"ಇದು ಖಾಲಿ ಅರೇ ಕೊಟ್ರ ಏನ್ ಮಾಡ್ತೈತಿ?"

"ಖಾಲಿನ ಕೊಡ್ತೈತ್ರಿ."

"ಗುರುತು ಒಂದ ಐತಿ, ಆದ್ರ ಒಳಗಿನ ಮಂದಿ ಬ್ಯಾರೆ ಬ್ಯಾರೆ. ಆವಾಗ?"

"ಮೊದಲನೇದ್ದು ಉಳಿತೈತಿ. ಎರಡನೇದ್ದು ಹೋಗ್ತೈತಿ."

"ಹೋದದ್ದು ಯಾರಿಗೆ ಗೊತ್ತಾಗ್ತೈತಿ?"

ನಾನು ಯೋಚಿಸುತ್ತಿದ್ದಂತೆಯೇ ಫೋನು ಕುಂಯ್ ಎಂದಿತು. ತಮ್ಮ ಪುಟದ ಚಿತ್ರ ಕಳಿಸಿದ್ದ. ಮೇಲಿನಿಂದ ಕೆಳಗಿನವರೆಗೆ ಹಸಿರು. ಮೇಲ್ಗಡೆ 'ಯಾರೂ ಉಳಿದಿಲ್ಲ'. ಕೆಳಗೆ ಅವನ ಮಾತು: "ಎಲ್ಲಾರೂ ಹೊರಗ ಬಂದ್ರು. ನಿನ್ನ ಒಮ್ಮೆಮಾತ್ರ ಭಾಳ ಉಪಯೋಗ ಆತು ಅಕ್ಕಾ. ಒಂದ ನಂಬರಿಗೆ ಎರಡೆರಡ್ ಸಲ ಫೋನ್ ಹಚ್ಚೂದು ತಪ್ಪಿತು."

ಎರಡು ಸಲ ಓದಬೇಕಾಗಲಿಲ್ಲ. ಫೋನನ್ನು ಮೇಡಂ ಕಡೆಗೆ ಹಿಡಿದೆ. ಆಕೆ ಓದಿ, ನನ್ನ ಮುಖ ನೋಡಿ, "ಹಚ್ರಿ ಫೋನು," ಎಂದಳು.

ತಮ್ಮನ ನಂಬರು ಬಿಜಿ. ಮತ್ತೆ ಬಿಜಿ. ಕೆಳಗೆ ಕಾರ್ಖಾನೆಯಲ್ಲಿ ಯಾರೋ ಜೋರಾಗಿ ನಗುತ್ತಿದ್ದರು. ಕೊನೆಗೆ ಹತ್ತಿತು, ಅವನ ದನಿಯ ಹಿಂದೆ ಕುರಿಗಳ ಅರಚಾಟ.

"ಒಂದ ಫೋನ್ ಇಬ್ರು ಇಟ್ಕೊಂಡವರು ಅದಾರೇನು ಅಲ್ಲಿ?" ಎಂದೆ.

"ಇರ್ತಾರ ಅಕ್ಕಾ. ಕುರಿ ಮಂದಿ, ಮನಿಗೊಂದು ಫೋನು. ಯಾಕ?"

"ಅದ್ರಾಗ ಒಬ್ರ ಹೆಸರು ಮಾತ್ರ ನಿನ್ನ ಪುಟದಾಗ ಬಂದಿರ್ತೈತಿ. ಇನ್ನೊಬ್ರನ್ನ ನೀನು ಕೇಳೇ ಇಲ್ಲ."

"ಫೋನ್ ಹಚ್ಚಿದಾಗ ಹೊರಗ ಬಂದೇವಿ ಅಂದಾರಲ್ಲ."

"ಬಂದೇವಿ ಅಂದ್ರೋ, ಬಂದೀನಿ ಅಂದ್ರೋ?"

ಅವನಿಗೆ ಸಿಟ್ಟು ಬಂತು. "ಮುಂಜಾನಿಂದ ನೀರಾಗ ನಿಂತೀವಿ ಅಕ್ಕಾ. ಎಲ್ಲಾ ಹಸಿರು ಬಂದೈತಿ. ದೋಣಿಯವರನ್ನೂ ಬ್ಯಾರೆ ಕಡೆ ಹೋಗ್ರಿ ಅಂತ ಈಗ ಹೇಳಿ ಬಂದೀನಿ."

"ದೋಣಿ ನಿಲ್ಲಸು," ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಮೊದಲು ದೋಣಿ ನಿಲ್ಲಸು. ಆಮ್ಯಾಲೆ ನನ್ನ ಬೈ."

ಅವನು ಓಡುತ್ತ ಯಾರನ್ನೋ ಕೂಗಿದ್ದು ಕೇಳಿಸಿತು. ಅಗ್ನಿಶಾಮಕದವರ ದೋಣಿ ಇನ್ನೂ ಲಾರಿಗೆ ಏರಿರಲಿಲ್ಲ. ಅಷ್ಟಾದರೂ ಸಿಕ್ಕಿತು.

ಈಗ ಬಿಟ್ಟುಹೋದ ಹೆಸರುಗಳು ಬೇಕಿತ್ತು. ಅಲ್ಲಿ ನನಗೆ ಇನ್ನೊಂದು ಭಯ ಹೊಕ್ಕಿತು. ತಮ್ಮ ನನ್ನ ಒಮ್ಮೆಮಾತ್ರವನ್ನು ಯಾವಾಗ ತೆಗೆದುಕೊಂಡಿದ್ದ? ಮೇಡಂ ತಿದ್ದಿಸುವುದಕ್ಕೆ ಮೊದಲಿನದಾಗಿದ್ದರೆ ಅದು ಮೂಲ ಸಾಲಿನಿಂದಲೇ ಹೆಸರು ಕಿತ್ತಿರುತ್ತಿತ್ತು, ಪುಟವು ಆ ಮುರುಕು ಸಾಲನ್ನೇ ಮತ್ತೆ ಉಳಿಸಿಟ್ಟಿರುತ್ತಿತ್ತು. ಆಗ ಎರಡನೆಯವರ ಹೆಸರು ಎಲ್ಲಿಯೂ ಇರುವುದಿಲ್ಲ. ಆ ಹೆಸರುಗಳನ್ನು ಬೇರೆ ಬೇರೆ ಗೆಳೆಯರು ಬೇರೆ ಬೇರೆ ದಿನ ಕೇಳಿ ತುಂಬಿಸಿದ್ದು. ದಂಡೆಯ ಮೇಲೆ ನಿಂತು ನೆನಪಿಸಿಕೊಳ್ಳುವಂಥದ್ದಲ್ಲ.

"ಯಾವುದು ತಗೊಂಡಿ, ಹಳೇದೋ ಹೊಸಾದೋ?"

"ನೆನಪಿಲ್ಲ ಅಕ್ಕಾ. ಜಾಲದಾಗ ಹಾಕುಕಿಂತ ಮೊದ್ಲ ನೀ ಒಂದ್ ಕಳಿಸಿದ್ದಿ. ಆಮ್ಯಾಲೂ ಒಂದ್ ತಗೊಂಡೆ ಅನಸ್ತೈತಿ."

ಮೇಡಂ ಅಷ್ಟರಲ್ಲಿ ತಮ್ಮನ ಪುಟವನ್ನು ತನ್ನ ಕಂಪ್ಯೂಟರಿನಲ್ಲಿ ತೆರೆದಿದ್ದಳು. ಅದರ ಹಿಂದಿನ ಕೋಡ್ ತೆಗೆದು ಕೆಳಕ್ಕೆ ಸರಿಸುತ್ತ ಹೋದಳು. ನಾನು ಆಕೆಯ ಹೆಗಲ ಹಿಂದೆ ನಿಂತು ನನ್ನದೇ ಅಕ್ಷರಗಳಿಗಾಗಿ ಹುಡುಕುತ್ತಿದ್ದೆ. ಉಳಿದ ವಿದ್ಯಾರ್ಥಿಗಳೂ ಎದ್ದು ಬಂದಿದ್ದರು. ಒಮ್ಮೆಮಾತ್ರ ಕಾಣಿಸಿತು. ಅದರ ಮೊದಲ ಗೆರೆಯಲ್ಲಿ ಒಂದು ಹೊಸ ಖಾಲಿ ಅರೇ ಇತ್ತು.

"ಹೊಸಾದು," ಎಂದಳು ಮೇಡಂ. ಆಕೆಯ ಉಸಿರು ನನಗೆ ಕೇಳಿಸಿತು. "ಮೂಲ ಹಂಗ ಐತಿ. ಬರೀರಿ, ನಂಬರಿಗೆ ಗುಂಪುಮಾಡು ಹಚ್ರಿ."

ಕೀಲಿಮಣೆಯನ್ನು ನನ್ನ ಕಡೆಗೆ ಸರಿಸಿದಳು. ಎರಡು ಸಲ ತಪ್ಪು ಬಿತ್ತು. ಮೂಲ ಸಾಲನ್ನು ಫೋನ್ ನಂಬರಿನ ಮೇಲೆ ಗುಂಪು ಮಾಡಿ, ಒಬ್ಬರಿಗಿಂತ ಹೆಚ್ಚು ಜನರಿರುವ ಗುಂಪುಗಳನ್ನು ಮಾತ್ರ ತೋರಿಸು ಎಂದು ಬರೆದೆ. ಒತ್ತಿದೆ. ಪರದೆಯ ಮೇಲೆ ಕೆಲವೇ ಗುಂಪುಗಳು ಬಂದವು.

ನಾನು ಒಂದೊಂದೇ ಹೆಸರು ಓದುತ್ತ ಹೋದೆ, ತಮ್ಮ ದಂಡೆಯ ಮೇಲೆ ಕೂಗುತ್ತ ಹೋದ. ಕುಷ್ಟಗಿ ಕಡೆಯ ಅಣ್ಣತಮ್ಮಂದಿರು: ಇಬ್ಬರೂ ಅಲ್ಲೇ ಬೀಡಿ ಸೇದುತ್ತ ಕೂತಿದ್ದರು. ಒಬ್ಬ ತಂದೆ, ಮಗ: ಮಗ ಕುರಿ ಹೊಡೆದುಕೊಂಡು ಮುಂದೆ ಹೋಗಿದ್ದ, ನೋಡಿದವರಿದ್ದರು. ಪ್ರತಿಯೊಂದು 'ಅದಾನ' ಬಂದಾಗಲೂ ನನ್ನ ಹಿಂದೆ ನಿಂತವರು ಉಸಿರು ಬಿಡುತ್ತಿದ್ದರು. ಕೊನೆಗೆ ಯಲಬುರ್ಗಾ ತಾಲೂಕಿನ ಗಂಡ ಹೆಂಡತಿ ಉಳಿದರು. ಸಾಲಿನಲ್ಲಿ ಗಂಡನ ಹೆಸರು ಮೊದಲಿತ್ತು.

ಗಂಡನ ಫೋನಿಗೆ ಹಚ್ಚಿದರೆ ಸ್ವಿಚ್ ಆಫ್. ಬೆಳಿಗ್ಗೆ ಅವನಿಗೆ ಫೋನ್ ಮಾಡಿದ್ದ ಗೆಳೆಯನನ್ನು ತಮ್ಮ ಹಿಡಿದು ಕೇಳಿದ. "ನಾ ಗಂಗಾವತ್ಯಾಗ ಅದೀನಿ, ಕುರಿ ಔಷಧ ತರಾಕ ನಿನ್ನೆ ಬಂದೀನಿ ಅಂದ," ಎಂದ ಗೆಳೆಯ. "ಹಂಗಾರ ಹೊರಗ ಅದಾನಲ್ಲ ಅಂತ ಹಸಿರು ಮಾಡಿದೆ."

"ಹೆಂಡ್ತಿ?" ಎಂದ ತಮ್ಮ.

ಬೇರೆ ಕುರಿಗಾರರ ದನಿಗಳು ಫೋನಿನಲ್ಲಿ ಒಂದರ ಮೇಲೊಂದು ಬಿದ್ದವು. "ಆಕಿ ಗಂಡನ ಜೋಡಿ ಹೋಗ್ಯಾಳಲ್ರಿ." "ನಾವು ಹಂಗ ತಿಳದೀವಿ." "ಆಕಿ ಕುರಿ ಆಚಿ ತುದ್ಯಾಗ ಇದ್ವು, ಕಲ್ಗುಡ್ಡದ ಹಿಂದ." ಯಾರೋ ಒಬ್ಬ ಮುದುಕ, "ನಿನ್ನೆ ಸಂಜಿಗೆ ಎರಡ್ ಕುರಿ ಈದಿದ್ವು. ಮರಿ ಬಿಟ್ಟು ಆಕಿ ಎಲ್ಲಿಗೆ ಹೊಕ್ಕಾಳ?" ಎಂದ.

"ಅಕ್ಕಾ, ಇಡ್ತೀನಿ," ಎಂದ ತಮ್ಮ.

ನನಗೆ ಆ ಕೋಣೆಯಲ್ಲಿ ಕೂರಲಾಗಲಿಲ್ಲ. ಹೋಗಿ ಏನು ಮಾಡುತ್ತೀರೆಂದು ಮೇಡಂ ಕೇಳಲೂ ಇಲ್ಲ. ಕಂಪ್ಯೂಟರುಗಳನ್ನು ಆರಿಸಲು ಒಬ್ಬರಿಗೆ ಹೇಳಿ, ದುಪ್ಪಟ್ಟಾ ಸರಿಮಾಡಿಕೊಂಡು ನನ್ನ ಜೊತೆಗೇ ಮೆಟ್ಟಿಲಿಳಿದಳು. ಕೊಪ್ಪಳದ ಸ್ಟ್ಯಾಂಡಿಗೆ ಆಟೋ, ಅಲ್ಲಿಂದ ಗಂಗಾವತಿ ಬಸ್ಸು. ಕಿಟಕಿಯ ಪಕ್ಕ ನಾನು, ನನ್ನ ಪಕ್ಕ ಆಕೆ. ಬಸ್ಸು ಒಂದೊಂದು ಊರಲ್ಲಿ ನಿಂತು ಹೆಂಗಸರನ್ನೂ ಚೀಲಗಳನ್ನೂ ಹತ್ತಿಸಿಕೊಳ್ಳುತ್ತಿತ್ತು. ಪ್ರತಿ ನಿಲ್ದಾಣದಲ್ಲೂ ನನಗೆ ಡ್ರೈವರನ ಕುರ್ಚಿಗೆ ಹೋಗಿ ಅವನನ್ನು ಕೆಳಗಿಳಿಸಿ ನಾನೇ ಬಸ್ಸು ಹೊಡೆಯಬೇಕೆನ್ನಿಸುತ್ತಿತ್ತು. ಮುಂದಿನ ಸೀಟಿನಲ್ಲಿ ಇಬ್ಬರು, ಈ ಸಲ ಡ್ಯಾಮು ತುಂಬಿದ್ದು ಛಲೋ ಆಯಿತು, ಎರಡನೇ ಬೆಳೆಗೂ ನೀರು ಸಿಗುತ್ತದೆ ಎಂದು ಮಾತಾಡಿಕೊಳ್ಳುತ್ತಿದ್ದರು. ಅವರ ಸಂತೋಷ ನಿಜವಾದದ್ದೇ. ನಾನು ಕಿವಿ ಮುಚ್ಚಿಕೊಳ್ಳದಂತೆ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡೆ.

"ನಿಮ್ಮ ಫಂಕ್ಷನ್ ತಪ್ಪಿಲ್ರಿ," ಎಂದಳು ಮೇಡಂ, ಹಿಟ್ನಾಳ ದಾಟಿದ ಮೇಲೆ.

"ನನಗ ಗೊತ್ತೈತ್ರಿ."

"ಮತ್ತ?"

"ಅದಕ್ಕ ಹೆದರಿಕಿ ಆಗ್ತೈತಿ. ತಪ್ಪಿದ್ರ ಪರದಿ ಮ್ಯಾಲ ಎಲ್ಲಾದ್ರೂ ಕೆಂಪು ಬರ್ತಿತ್ತು."

ಆಕೆ ತಲೆಯಾಡಿಸಿದಳು. ತಮ್ಮನಿಂದ ಒಂದೇ ಒಂದು ಸಂದೇಶ ಬಂತು: "ದೋಣಿ ಹೋಗೈತಿ. ಸೆಳವು ಭಾಳ." ಅದಾದ ಮೇಲೆ ಏನೂ ಇಲ್ಲ. ನಾನು ಫೋನನ್ನು ಮತ್ತೆ ಮತ್ತೆ ಬೆಳಗಿಸಿ ನೋಡುತ್ತಿದ್ದೆ.

ದಂಡೆ ಮುಟ್ಟುವಾಗ ಬಿಸಿಲು ಇಳಿಮುಖವಾಗಿತ್ತು. ಚಿಕ್ಕಂದಿನಲ್ಲಿ ಗೇಟಿನ ಬಳಿ ನೀರು ನೋಡಿದವಳು ನಾನು. ಆದರೆ ಅದನ್ನು ಮೇಲಿನಿಂದ, ಕಂಬಿಯ ಹಿಂದೆ ನಿಂತು ನೋಡಿದ್ದೆ. ಇಲ್ಲಿ ಅದು ಕಣ್ಣಿನ ಮಟ್ಟಕ್ಕಿತ್ತು, ಕೆಂಪಗೆ, ಬೇರುಸಹಿತ ಮರಗಳನ್ನು ಹೊತ್ತುಕೊಂಡು ಹೋಗುತ್ತಿತ್ತು. ನಡುಗಡ್ಡೆಯ ಹುಲ್ಲುಗಾವಲು ಮುಳುಗಿತ್ತು. ಆ ಕಡೆಯ ತುದಿಯಲ್ಲಿ ಬಂಡೆಗಳ ಗುಡ್ಡ ಮಾತ್ರ ಮೇಲಿತ್ತು. ದೋಣಿ ಆ ಗುಡ್ಡದ ಹಿಂದೆ ಹೋಗಿ ಬಹಳ ಹೊತ್ತಾಗಿತ್ತಂತೆ.

ತಮ್ಮ ಸೊಂಟದವರೆಗೆ ಒದ್ದೆಯಾಗಿ ನಿಂತಿದ್ದ. ನನ್ನನ್ನು ನೋಡಿ ಮುಖ ತಿರುಗಿಸಿದ. ನಾನು ಹತ್ತಿರ ಹೋದಾಗ, ಯಾರಿಗೂ ಕೇಳಿಸದಂತೆ, "ಆಕಿಗೆ ಏನಾರ ಆದ್ರ ನಾ ಏನ್ ಮಾಡ್ಲಿ?" ಎಂದ.

"ನಾನೂ ಅದೀನಿ," ಎಂದೆ.

"ನೀನು ಯಾಕ ಅದನ್ನ ಹಂಗ ಬರದಿ?" ಅವನ ದನಿ ಒಡೆಯಿತು. "ಇಬ್ರು ಅದಾರ ಅಂತ ಒಂದ್ ಮಾತು ಹೇಳುವಂಗ ಬರೀಬೇಕಿತ್ತಲ್ಲ?"

"ನೀನು ನಂಬರಿಗೆ ಯಾಕ ಹಚ್ಚಿದಿ? ಮಂದಿಗೆ ಹಚ್ಚಬೇಕಿತ್ತು."

ಅಷ್ಟು ಹೊತ್ತು ತಡೆದದ್ದೆಲ್ಲ ಬಾಯಿಗೆ ಬಂದಿತ್ತು. ಇನ್ನೂ ಏನೇನೋ ಅನ್ನುತ್ತಿದ್ದೆವೋ ಏನೋ, ಮೇಡಂ ನಡುವೆ ಬಂದು ನಿಂತಳು. "ಬಂತು," ಎಂದಳು.

ದೋಣಿಯ ಮೋಟಾರಿನ ಸದ್ದು ಮೊದಲು ಕೇಳಿಸಿತು. ಬಂಡೆಗಳ ಸಂದಿಯಿಂದ ಅದು ಹೊರಬಂದಾಗ ಕೆಂಪು ಅಂಗಿ ತೊಟ್ಟ ಸಿಬ್ಬಂದಿ ಮಾತ್ರ ಕಂಡರು. ಸೆಳವು ಅದನ್ನು ಓರೆಯಾಗಿ ಎಳೆದುಕೊಂಡು ಹೋಯಿತು. ನಾವೆಲ್ಲ ದಂಡೆಯ ಗುಂಟ ಕೆಳಕ್ಕೆ ಓಡಿದೆವು. ಜಾಲಿಮುಳ್ಳು ತರಚಿದ್ದು ನನಗೆ ಮನೆಗೆ ಹೋದ ಮೇಲೆ ತಿಳಿಯಿತು. ದೋಣಿ ಹೊರಳಿ ಹತ್ತಿರ ಬಂದಾಗ ಅದರ ನಡುವೆ ಕಂಬಳಿಯ ಒಂದು ಗುಪ್ಪೆ ಕಂಡಿತು. ಗುಪ್ಪೆ ಅಲುಗಾಡಿತು. ಅದರೊಳಗಿಂದ ಒಂದು ಮುಖ ಮೇಲೆದ್ದಿತು.

ಆಕೆಯ ವಯಸ್ಸು ಹೆಚ್ಚುಕಡಿಮೆ ನನ್ನದೇ. ಕಾಲು ಊರಲಾಗಲಿಲ್ಲ, ಇಬ್ಬರು ಹಿಡಿದು ಇಳಿಸಿದರು. ಕಂಬಳಿಯೊಳಗೆ ಮರಿಗಳಿದ್ದವು. ಈದ ಕುರಿಗಳನ್ನೂ ಮಿಕ್ಕ ಹಿಂಡನ್ನೂ ಬಂಡೆಯ ಮೇಲೆ ಬಿಟ್ಟು ಬರಬೇಕಾಯಿತು. ಬರಲೊಲ್ಲೆನೆಂದು ಜಗಳ ಆಡಿದ್ದಳಂತೆ, ಎತ್ತಿ ಕೂರಿಸಿದ್ದರು. ದಂಡೆಯ ಮೇಲೆ ಕೂತವಳೇ ತನ್ನ ಊರ ಕಡೆಯ ಕುರಿಗಾರರ ಮುಖ ಒಂದೊಂದೇ ನೋಡಿದಳು.

"ನನ್ನ ಯಾಕ ಕರೀಲಿಲ್ಲ?" ಎಂದಳು.

ಮುದುಕ, "ನೀ ಹೋಗೀದಿ ಅಂತ ತಿಳದ್ವಿ ಯವ್ವಾ," ಎಂದ.

"ಗುಡ್ಡದ ಮ್ಯಾಲಿಂದ ನೀವು ದಾಟೂದು ನೋಡಿದೆ. ನನಗೂ ಕೂಗ್ತಾರ ಅಂತ ಮರಿ ಕಟಗೊಂಡು ನಿಂತೆ. ಯಾರೂ ತಿರುಗಿ ನೋಡ್ಲಿಲ್ಲ." ಅಳುತ್ತಿರಲಿಲ್ಲ. ಹಲ್ಲು ಕಟಕಟ ಎನ್ನುತ್ತಿದ್ದವು. ಮೇಡಂ ತನ್ನ ದುಪ್ಪಟ್ಟಾ ತೆಗೆದು ಆಕೆಯ ತಲೆ ಒರೆಸಿದಳು. ನಾನು ಎದುರು ಕೂತಿದ್ದೆ. ಹೇಳಬೇಕಾದ ಮಾತು ಆ ಹೊತ್ತಿಗೆ ಹೊರಗೆ ಬರಲಿಲ್ಲ.

ಗಂಡ ಬಂದದ್ದು ಆಮೇಲೆ, ಯಾರದೋ ಬೈಕಿನ ಹಿಂದೆ ಕೂತು. ಫೋನಿನ ಚಾರ್ಜು ಮುಗಿದಿತ್ತು. ತನ್ನ ಜೊತೆಯವರು ಹೆಂಡತಿಯನ್ನು ದಾಟಿಸಿರುತ್ತಾರೆಂದೇ ಅವನು ನಂಬಿದ್ದ. ದಂಡೆಗೆ ಬಂದು ವಿಷಯ ತಿಳಿದು ಔಷಧದ ಚೀಲವನ್ನು ಕೈಯಲ್ಲೇ ಹಿಡಿದು ನಿಂತುಬಿಟ್ಟ. ಹೆಂಡತಿ ಒಂದು ಮರಿಯನ್ನು ಅವನ ಕೈಗಿಟ್ಟಳು, ಅಷ್ಟೆ.

ನೀರು ಇಳಿಯಲು ಕೆಲವು ದಿನ ಹಿಡಿಯಿತು. ಹಿಂಡಿನಲ್ಲಿ ಅರ್ಧಕ್ಕರ್ಧ ಉಳಿದಿದ್ದವು. ಈದ ಎರಡು ಕುರಿಗಳಲ್ಲಿ ಒಂದು ಹೋಗಿತ್ತು.

ನಾನು ಮಾರನೆಯ ವಾರ ನನ್ನ ಲೈಬ್ರರಿಯನ್ನು ಜಾಲದಿಂದ ತೆಗೆದುಹಾಕಲು ಕೂತೆ. ಮೇಡಂ ಕುರ್ಚಿ ಎಳೆದುಕೊಂಡು ಬಂದಳು. ಈ ಸಲ ಸುಮ್ಮನೆ ಕೂರಲಿಲ್ಲ. "ತಗದ್ರ ಏನ್ ಬಂತು? ಇಂಥಾವು ಜಾಲದಾಗ ಸಾವಿರ ಅದಾವ. ಕೂಡ್ರಿ, ತಿದ್ರಿ," ಎಂದಳು. ಇಬ್ಬರೂ ಕೂಡಿ ತಿದ್ದಿದೆವು. ಈಗ ಒಮ್ಮೆಮಾತ್ರ ಎರಡು ಸಾಲು ಕೊಡುತ್ತದೆ: ಇಟ್ಟುಕೊಂಡವರದು ಒಂದು, ಬಿಟ್ಟವರದು ಒಂದು. ಎರಡನೆಯದನ್ನು ಬಳಸುವವರು ನೋಡುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ತಮ್ಮ ತನ್ನ ಪುಟದಲ್ಲಿ ಒಮ್ಮೆಮಾತ್ರವನ್ನು ಬಳಸುವುದೇ ಬಿಟ್ಟ. ಒಬ್ಬೊಬ್ಬ ಮನುಷ್ಯನಿಗೆ ಒಂದೊಂದು ಹೆಸರು, ಫೋನಿಲ್ಲದವರ ಎದುರಿಗೆ ಅವರನ್ನು ಕರೆತರುವವರ ಹೆಸರು. ಒಂದೇ ನಂಬರಿಗೆ ಎರಡು ಸಲ ಫೋನ್ ಹೋಗುತ್ತದೆ, ಕುರಿಗಾರರು ಬೈಯುತ್ತಾರೆ, ಗೆಳೆಯರು ಬೈಸಿಕೊಳ್ಳುತ್ತಾರೆ. ನಾವಿಬ್ಬರೂ ದಂಡೆಯ ಮೇಲೆ ಆಡಿದ ಮಾತುಗಳ ಬಗ್ಗೆ ಮತ್ತೆ ಮಾತಾಡಿಲ್ಲ. ಆದರೆ ಆಮೇಲೆ ತನ್ನ ಪುಟದಲ್ಲಿ ಏನೇ ಬದಲಿಸಿದರೂ ಅವನು ನನಗೆ ಕಳಿಸಿ, ನೋಡಿ ಹೇಳು ಎನ್ನುತ್ತಾನೆ. ನಾನೂ ಕೂತು ನೋಡುತ್ತೇನೆ.

ದೀಪಾವಳಿ ಕಳೆದ ಮೇಲೆ ಯಲಬುರ್ಗಾಕ್ಕೆ ಒಂದು ಮದುವೆಗೆ ಹೋಗಿದ್ದೆ. ಆಕೆಯ ಊರು ಅಲ್ಲಿಂದ ಹತ್ತಿರವೆಂದು ತಮ್ಮ ಹೇಳಿದ್ದ. ಮಧ್ಯಾಹ್ನದ ಊಟ ಬಿಟ್ಟು ಹೋದೆ. ಆಕೆ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನನ್ನ ಗುರುತು ಹಿಡಿದಳು. ತಲೆ ಒರೆಸಿದಾಕೆ ಎಲ್ಲಿ ಎಂದು ಮೊದಲು ಕೇಳಿದಳು. ಚಹಾ ಬಂತು. ದಂಡೆಯಲ್ಲಿ ಬಾರದ ಮಾತನ್ನು ನಾನು ಹೇಳಲು ಶುರುಮಾಡಿದೆ: ಸಾಲು ಎಂದರೇನು, ನಂಬರು ಒಂದೇ ಇದ್ದದ್ದು, ಮೊದಲ ಹೆಸರು ಉಳಿದು ಎರಡನೆಯದು ಹೋದದ್ದು. ಮಕ್ಕಳಿಗೆ ಗಣಿತ ಹೇಳಿದ ಬಾಯಿ ಅವತ್ತು ತೊದಲುತ್ತಿತ್ತು.

ಆಕೆ ಮೊರ ಕೆಳಗಿಟ್ಟು ಕೇಳಿದಳು. "ಅಂದ್ರ ನನ್ನ ಹೆಸರು ಯಾರ್ ತಗದ್ರು?"

"ಯಾರೂ ತಗೀಲಿಲ್ಲ. ಅದು ತಾನ ತಗೀತು."

"ತಾನ ಹೆಂಗ ತಗೀತೈತಿ? ಅದಕ್ಕ ಹಿಂಗ ಮಾಡು ಅಂತ ಯಾರೋ ಹೇಳಿರ್ಬೇಕಲ್ಲ."

"ಹೌದು," ಎಂದೆ. "ನಾ ಹೇಳಿದ್ದೆ."

ಆಕೆ ನನ್ನನ್ನು ನೋಡಿದಳು. ಸಿಟ್ಟಿತ್ತೋ ಇಲ್ಲವೋ ತಿಳಿಯಲಿಲ್ಲ. ಆಮೇಲೆ, "ನಾನು ಅಲ್ಲಿ ಉಳದೀನಿ ಅಂತ ಮೊದಲ ಯಾರಿಗೆ ಗೊತ್ತಾತು?" ಎಂದಳು.

ಅದಕ್ಕೂ ನಾನೇ ಎಂದು ಹೇಳಬೇಕಾಗಿತ್ತು. ಹೇಳಲಿಲ್ಲ. "ಹೋದದ್ದು ಯಾರಿಗೆ ಗೊತ್ತಾಗ್ತೈತಿ ಅಂತ ನಮ್ಮ ಮೇಡಮ್ಮಾರು ಒಂದ್ ಮಾತು ಕೇಳಿದ್ರು. ಅದಕ್ಕ ಗೊತ್ತಾತು," ಎಂದೆ. ಆಕೆ ಹೂಂಗುಟ್ಟಿ, ಚಹಾ ಆರುತ್ತದೆ ಕುಡಿ ಎಂದು ಹೇಳಿ, ಮೊರವನ್ನು ಮತ್ತೆ ಕೈಗೆ ತೆಗೆದುಕೊಂಡಳು.